ಕೊಳಚೆ ಶುದ್ಧೀಕರಣ ಕೊಳಗಳಿಗೆ ಬರುವ ವಲಸೆ ಹಕ್ಕಿಗಳು

ಮೈಸೂರು ನಗರದ ಕೊಳಚೆ ನೀರನ್ನು ಕೆಸರೆ, ರಾಯನಕೆರೆ ಮತ್ತು ವಿದ್ಯಾರಣ್ಯಪುರಂ ಎಂಬ ಮೂರು ಕಡೆ ಶುದ್ಧೀಕರಿಸಲಾಗುತ್ತದೆ. ಹಕ್ಕಿಗಳಿಗಾಗಿ ಇಂಥ ಕೊಳಗಳನ್ನು ಯಾರೂ ಕಟ್ಟುವುದಿಲ್ಲ. ಆದರೂ ನವೆಂಬರಿನಿಂದ ಮಾರ್ಚ್‌ವರೆಗೆ ಉತ್ತರದ ಚಳಿನಾಡುಗಳ ಹಕ್ಕಿಗಳು ಇಂಥಲ್ಲಿಗೆ ಬಂದಿಳಿಯುತ್ತವೆ. ಸುತ್ತಲಿನ ಬೇಸಾಯಗಾರರು ಇದರ ಕಾರಣವನ್ನೂ, ವಹಿಸಬೇಕಾದ ಎಚ್ಚರವನ್ನೂ ತಿಳಿದಿರುವುದು ಒಳ್ಳೆಯದು.

ಹಕ್ಕಿಗಳು ಬರಲು ಕಾರಣ

ಕೊಳದಲ್ಲಿ ಕೊಳಚೆಯ ಸಾರವನ್ನು ಸೂಕ್ಷ್ಮಜೀವಿಗಳು ಕೊಳೆಯಿಸುತ್ತವೆ. ಆ ಸಾರವನ್ನುಂಡು ಪಾಚಿ ಬೆಳೆಯುತ್ತದೆ. ತಳದ ರಾಡಿಯಲ್ಲಿ ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ ಕೀಟದ ಕೆಂಪು ಮರಿಹುಳುಗಳು ಹುಟ್ಟುತ್ತವೆ. ಇವೇ ಹಕ್ಕಿಗಳ ಆಹಾರ. ಸಲಿಕೆಯಂಥ ಕೊಕ್ಕಿನ ಬಾತು ನೀರಿನ ಮೇಲ್ಪದರವನ್ನು ಸೋಸಿ ತಿನ್ನುತ್ತದೆ. ಗೊರವಗಳು ಅಂಚಿನ ಕೆಸರನ್ನು ಕೊಕ್ಕಿನಿಂದ ಕೆದಕುತ್ತವೆ. ಸಿಪಿಲೆಗಳು ದಂಡೆಯ ಮೇಲೆ ಬಾಲ ಕುಣಿಸುತ್ತ ಕೀಟ ಹಿಡಿಯುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಊರಿನ ಕೊಳಚೆ ಬತ್ತುವುದಿಲ್ಲವಾದ್ದರಿಂದ ಇಲ್ಲಿ ಮೇವು ತಪ್ಪುವುದಿಲ್ಲ.

ಹಕ್ಕಿಗಳ ಪಯಣ ಬಹು ದೂರದ್ದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಂಡದ್ದುಂಟು.

ಲಾಭ ಮತ್ತು ಅಪಾಯ

ಸಿಪಿಲೆ, ಗೊರವಗಳು ಗದ್ದೆಯಲ್ಲೂ ಹುಳು ಹೆಕ್ಕುತ್ತವೆ. ಬಾತುಗಳು ರಾತ್ರಿ ಹೊತ್ತು ಭತ್ತಕ್ಕೆ ಬಾಯಿ ಹಾಕುವುದೂ ಉಂಟು. ಇದಕ್ಕಿಂತ ದೊಡ್ಡ ಅಪಾಯ ರೋಗದ್ದು. ಕಾಡುಬಾತುಗಳು ತಾವು ಕಾಯಿಲೆ ಬೀಳದೆಯೇ ಕೋಳಿಜ್ವರದ ವಿಷಾಣುವನ್ನು ಹೊತ್ತು ತರಬಲ್ಲವು. ಅದು ಹಿಕ್ಕೆಯಿಂದ ನೀರಿಗೆ ಸೇರುತ್ತದೆ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನು ಈ ರೋಗದಿಂದಾಗಿ ಮುಚ್ಚಬೇಕಾಯಿತು. 2020ರ ಮಾರ್ಚ್‌ನಲ್ಲಿ ನಗರದ ಕುಂಬಾರಕೊಪ್ಪಲಿನಲ್ಲಿ ಕೋಳಿಗಳಿಗೂ ಈ ರೋಗ ತಗಲಿತ್ತು.

ಬಿರುಬೇಸಿಗೆಯಲ್ಲಿ ಇನ್ನೊಂದು ಕೇಡಿದೆ. ಸತ್ತ ಹಕ್ಕಿ ಕೊಳೆತಾಗ ಬಾಟುಲಿಸಂ ರೋಗಾಣು ವಿಷ ಉಂಟುಮಾಡುತ್ತದೆ. ಹೆಣದ ಹುಳುಗಳಲ್ಲಿ ಆ ವಿಷ ಸೇರಿ, ಅವನ್ನು ತಿಂದ ಹಕ್ಕಿಗಳು ಕತ್ತು ಜೋತು ಬಿದ್ದು ಸಾಯುತ್ತವೆ. ಒಂದು ಹೆಣ ಹಲವು ಸಾವಿಗೆ ಬೀಜವಾಗುತ್ತದೆ.

ಬೇಸಾಯಗಾರರು ಪಾಲಿಸಬೇಕಾದ ಕ್ರಮಗಳು

1. ಮನೆಯ ಕೋಳಿ, ಬಾತುಗಳನ್ನು ಈ ಕೊಳಗಳಿಗೂ ಅವುಗಳ ಕಾಲುವೆಗೂ ಬಿಡಬಾರದು. ಅವಕ್ಕೆ ಬಾವಿ ಅಥವಾ ನಲ್ಲಿಯ ನೀರನ್ನೇ ಕುಡಿಸಬೇಕು.

2. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ನಾಯಿ ಹಂದಿಗಳಿಗೂ ಹಾಕಬಾರದು. ಹಲವು ಹಕ್ಕಿಗಳು ಒಮ್ಮೆಗೇ ಸತ್ತರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಹೆಣಗಳನ್ನು ಆಳವಾಗಿ ಹೂಳಬೇಕು.

3. ಔಷಧಿ ಬೆರೆಸಿದ ಬೀಜವನ್ನು ಮಣ್ಣಿನಿಂದ ಪೂರ್ತಿ ಮುಚ್ಚಬೇಕು. ಸಿಂಪರಣೆ ಯಂತ್ರವನ್ನು ಕಾಲುವೆಯಲ್ಲಿ ತೊಳೆಯಬಾರದು.

4. ಭತ್ತಕ್ಕೆ ಬಂದ ಬಾತುಗಳನ್ನು ಡಬ್ಬ ಬಡಿದು ಓಡಿಸಬಹುದು. ವಿಷ ಇಡುವುದು, ಬಲೆ ಒಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

5. ಶುದ್ಧೀಕರಿಸಿದ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗೆ ಹಾಯಿಸಬಾರದು.

ಹಕ್ಕಿಗಳು ನಾಲ್ಕೈದು ತಿಂಗಳ ಅತಿಥಿಗಳು. ಅವುಗಳ ಪಾಡಿಗೆ ಅವನ್ನು ಬಿಟ್ಟು, ನಮ್ಮ ಕೋಳಿಗಳನ್ನು ನಮ್ಮ ಅಂಗಳದಲ್ಲೇ ಇರಿಸಿಕೊಂಡರೆ ಇಬ್ಬರಿಗೂ ಕ್ಷೇಮ.