ಹಸಿವೆಯಲ್ಲಿ ಹುಟ್ಟುವ ವಿಷ

ಮೈಸೂರಿನ ಹೆಬ್ಬಾಳದ ಕೆರೆಯ ದಂಡೆಯಿಂದ ಒಂದು ಚಿಟಿಕೆ ಮಣ್ಣನ್ನು ಎತ್ತಿಕೊಂಡರೆ, ಅದರಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳಿರುತ್ತವೆ. ಲೋಕದ ನಾನಾ ದೇಶಗಳ ಮಣ್ಣಿನಲ್ಲಿ ದೊರೆಯುವ ಇಂಥದೊಂದು ಜೀವಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ರೇಷ್ಮೆಯ ನಾಡಿನವರಾದ ನಮಗೆ ಇದರ ಪರಿಚಯವಿರಬೇಕು. 1901ರಲ್ಲಿ ಜಪಾನಿನ ಇಶಿವಾತ ಎಂಬ ವಿಜ್ಞಾನಿ ಇದನ್ನು ಮೊದಲು ಕಂಡುದು ರೋಗದಿಂದ ಸತ್ತ ರೇಷ್ಮೆಹುಳುವಿನಲ್ಲಿಯೇ. 1911ರಲ್ಲಿ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಇದನ್ನು ಮತ್ತೆ ಕಂಡರು. ತುರಿಂಜಿಯ ಅವರ ದೇಶದ ಒಂದು ಪ್ರಾಂತ.

ಇದರ ವಿಷವು ಹರಳುಗಟ್ಟಿದ ಒಂದು ಪ್ರೋಟೀನು. ಎಲೆಯೊಡನೆ ಒಳಹೊಕ್ಕ ಹರಳು ಹುಳುವಿನ ಕ್ಷಾರಯುಕ್ತ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಯಲ್ಲಿ ರಂಧ್ರಗಳನ್ನು ಕೊರೆಯುತ್ತದೆ. ನಮ್ಮ ಜಠರವಾದರೋ ಆಮ್ಲಮಯ. ಆ ಪ್ರೋಟೀನು ಅಂಟಿಕೊಳ್ಳತಕ್ಕ ಗ್ರಾಹಕಗಳೂ ನಮ್ಮಲ್ಲಿಲ್ಲ. ಆದರೆ ಹಿಪ್ಪುನೇರಳೆಯ ತೋಟದ ಬಳಿ ಇದನ್ನು ಸಿಂಪಡಿಸುವುದು ಅಪಾಯಕರ.

ಸೋಜಿಗದ ಸಂಗತಿ ಬೇರೊಂದಿದೆ. ವಿಷದ ವಂಶವಾಹಿಯು ಜೀವಕೋಶದಲ್ಲಿ ಸದಾ ಇದ್ದರೂ, ಆಹಾರವು ಸಮೃದ್ಧವಾಗಿರುವ ತನಕ ಅದು ಸಾಮಾನ್ಯವಾಗಿ ಮೌನವಾಗಿರುತ್ತದೆ. ಹೀಗೇಕೆ? ವಂಶವಾಹಿಯನ್ನು ಓದುವ ಕಿಣ್ವಕ್ಕೆ ಓದನ್ನು ಎಲ್ಲಿ ಆರಂಭಿಸಬೇಕೆಂದು ತೋರಿಸಿಕೊಡುವ ಪ್ರೋಟೀನುಗಳುಂಟು. ಅವುಗಳಿಗೆ ಸಿಗ್ಮಾ ಎಂದು ಹೆಸರು. ಬೆಳವಣಿಗೆಯ ಕಾಲದ ಸಿಗ್ಮಾಗೆ ವಿಷದ ವಂಶವಾಹಿಯ ಗುರುತು ತಿಳಿಯದು. ಆಹಾರವು ತೀರಿದೊಡನೆ ಜೀವಕೋಶವು ಅಸಮವಾಗಿ ಇಬ್ಭಾಗವಾಗುತ್ತದೆ. ದೊಡ್ಡದಾದ ತಾಯಿಕೋಶವು ಚಿಕ್ಕದನ್ನು ಒಡಲಲ್ಲಿಟ್ಟುಕೊಂಡು ಗಟ್ಟಿ ಕವಚದ ಬೀಜಕವನ್ನಾಗಿ ಮಾರ್ಪಡಿಸುತ್ತದೆ. ಆಗ ತಾಯಿಕೋಶದಲ್ಲಿ ಮಾತ್ರ ಕಾರ್ಯಪ್ರವೃತ್ತವಾಗುವ ಸಿಗ್ಮಾ-ಇ, ಅನಂತರ ಸಿಗ್ಮಾ-ಕೆ, ಆ ಗುರುತನ್ನು ಬಲ್ಲವು. ಬೀಗ ತೆರೆಯಿತು! ಕೋಶದ ಒಣತೂಕದ ಸುಮಾರು ಕಾಲು ಭಾಗವೇ ಹರಳಾಗುತ್ತದೆ. ಕೊನೆಗೆ ತಾಯಿಕೋಶವು ಒಡೆದು ನಾಶವಾಗಿ, ಬೀಜಕವೂ ಹರಳೂ ಹೊರಬೀಳುತ್ತವೆ. ಹರಳು ಹುಳುವನ್ನು ಕೊಂದರೆ ಆ ಕಳೇಬರವೇ ಬೀಜಕಕ್ಕೆ ಆಹಾರ. ಸಾಯುವ ತಾಯಿ ಮಗುವಿಗೆ ಬುತ್ತಿ ಕಟ್ಟಿದಂತಾಯಿತಲ್ಲವೇ?

ಮನುಷ್ಯನು ಈ ವಂಶವಾಹಿಯನ್ನು ಹತ್ತಿಯ ಗಿಡಕ್ಕೆ ಸೇರಿಸಿದಾಗ ಬೀಗವನ್ನು ಮಣ್ಣಿನಲ್ಲಿಯೇ ಬಿಟ್ಟುಬಂದನು. ಅದರ ಬದಲು ಜೋಡಿಸಿದ್ದು ಹೂಕೋಸಿನ ಒಂದು ವೈರಸ್ಸಿನಿಂದ ಪಡೆದ ಚಾಲಕ ಭಾಗವನ್ನು. ಅದು ಹಗಲಿರುಳೂ ತೆರೆದೇ ಇರುತ್ತದೆ. 2002ರಲ್ಲಿ ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಈ ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನಲ್ಲಿ ಎಂದೋ ಒಮ್ಮೆ ಎದುರಾಗುತ್ತಿದ್ದ ವಿಷ, ಹೊಲದಲ್ಲಿ ಪ್ರತಿ ತುತ್ತಿನಲ್ಲಿಯೂ ಬೆರೆಯಿತು. ಅದನ್ನು ತಾಳಿಕೊಂಡ ವಿರಳ ಹುಳುಗಳೇ ಉಳಿದು ವಂಶವನ್ನು ಬೆಳೆಸಿದವು. ಗುಜರಾತಿನ ಗುಲಾಬಿ ಕಾಯಿಕೊರಕವು ಈ ವಿಷಕ್ಕೆ ಬಗ್ಗುತ್ತಿಲ್ಲವೆಂಬುದು 2010ರಲ್ಲಿ ಪ್ರಕಟವಾಯಿತು. 2006ರಲ್ಲಿ ಬಂದಿದ್ದ ಎರಡು ವಿಷಗಳ ಹತ್ತಿಯನ್ನೂ ಅದು ಮುಂದೆ ಜಯಿಸಿತು.

ಹೊಲದ ಸುತ್ತ ಸಾದಾ ಹತ್ತಿಯನ್ನು ಬಿತ್ತಿ, ವಿಷಕ್ಕೆ ಸೋಲುವ ಹುಳುಗಳನ್ನೂ ಬದುಕಗೊಡಬೇಕೆಂಬ ನಿಯಮವೇನೋ ಇತ್ತು. ಹುಳುವಿಗೆಂದೇ ಬೆಳೆಯಿಡಲು ಯಾವ ರೈತನ ಮನಸ್ಸು ಒಪ್ಪೀತು?