ಪಾಲಕ್‌ಗೆ ಮೈಕೊರೈಜಾ ಕೊಳ್ಳೋ ಮುಂಚೆ ಒಂದು ನಿಮಿಷ

ಸೊಪ್ಪು ಬೆಳೆಯುವ ಹುಡುಗರು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದು ಹೆಚ್ಚಾಗಿ ಎರಡೇ ಬಗೆಯ ಫೋಟೊ. ಒಂದು, ಬುಡ ಕೊಳೆತು ಮಡಿಯಲ್ಲಿ ಮಲಗಿದ ಸಸಿಗಳು. ಇನ್ನೊಂದು, ಜೈವಿಕ ಗೊಬ್ಬರದ ಪ್ಯಾಕೆಟ್. "ಸರ್, ಇದನ್ನ ಹಾಕಬಹುದಾ?"

ನಾನು ತಿರುಗಿ ಕೇಳೋದು, ಯಾವ ಸೊಪ್ಪಿಗೆ?

ಮೈಕೊರೈಜಾನೇ ತಗೊಳ್ಳಿ. ಬೇರಿನೊಳಗೆ ನೆಲೆಸಿ, ಹೊರಗೆ ಎಳೆ ಎಳೆಯಾಗಿ ಹರಡಿ ರಂಜಕ ತಂದುಕೊಡುವ ಶಿಲೀಂಧ್ರ ಇದು. ಕೊತ್ತಂಬರಿ, ಮೆಂತ್ಯದ ಬೇರಿಗೆ ಚೆನ್ನಾಗಿ ಹೊಂದುತ್ತೆ. ಆದರೆ ಪಾಲಕ್, ದಂಟು, ಸಾಸಿವೆ, ಮೂಲಂಗಿಯ ಬೇರುಗಳು ಇದನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳೋದೇ ಇಲ್ಲ. ಪ್ಯಾಕೆಟ್ ಮೇಲೆ 'ಎಲ್ಲಾ ಬೆಳೆಗಳಿಗೆ' ಅಂತ ಅಚ್ಚು ಹಾಕಿದ್ದರೂ ಅಷ್ಟೇ. ಇವಕ್ಕೆ ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ಕೊಡಿ. ಮೆಂತ್ಯ ದ್ವಿದಳ ಜಾತಿ, ಅದಕ್ಕೆ ರೈಜೋಬಿಯಂ ಕೂಡ ಆಗುತ್ತೆ. ಆದರೆ ಮೆಂತ್ಯದ್ದೇ ಬೇಕು. ಕಡಲೆ, ಶೇಂಗಾಕ್ಕೆ ಅಂತ ಮಾಡಿದ್ದು ನಡೆಯಲ್ಲ.

ಸಸಿ ಕೊಳೆಯೋದಕ್ಕೆ ಟ್ರೈಕೋಡರ್ಮಾ. ಇದು ಯಾವ ಸೊಪ್ಪಿಗಾದರೂ ಸರಿ, ಯಾಕಂದ್ರೆ ಇದರ ಜಗಳ ಮಣ್ಣಲ್ಲಿರೋ ರೋಗದ ಶಿಲೀಂಧ್ರದ ಜೊತೆ. ಸೊಪ್ಪಿನ ಆಯಸ್ಸೇ ಸುಮಾರು 30 ದಿನ. ಸಸಿ ಮಲಗಿದ ಮೇಲೆ ಟ್ರೈಕೋಡರ್ಮಾ ಸುರಿದರೆ ಅದು ಬೆಳೆದು ಹರಡೋಕೆ ಟೈಮೇ ಇರಲ್ಲ. ಆಗ ಗಾಬರಿಯಲ್ಲಿ ವಿಷ ಹೊಡೀತೀವಿ, ಕೆಲವೇ ದಿನದಲ್ಲಿ ಅದೇ ಎಲೆ ಕಿತ್ತು ಕಟ್ಟು ಕಟ್ಟಿ ಮಾರ್ಕೆಟ್ಟಿಗೆ ಕಳಿಸ್ತೀವಿ. ಸೊಪ್ಪಲ್ಲಿ ತಿನ್ನೋದು ಎಲೆಯನ್ನೇ ಅಲ್ವಾ?

ಅದಕ್ಕೇ ಬಿತ್ತನೆಗೆ 15 ದಿನ ಮೊದಲೇ ಶುರು ಮಾಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ ಪುಡಿ 2 ಕೆಜಿ ಕಲಸಿ ನೆರಳಲ್ಲಿ ಗುಡ್ಡೆ ಹಾಕಿ. ಹಸಿ ಸಗಣಿ ಬೇಡ, ಅದರ ಕಾವಿಗೆ ಜೀವಾಣು ಸಾಯುತ್ತೆ. ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಸಾಕು. ಒದ್ದೆ ಗೋಣಿಚೀಲ ಹೊದಿಸಿ, ನಡುವೆ ಒಂದೆರಡು ಸಲ ತಿರುವಿ ಹಾಕಿ. ಬಿತ್ತುವಾಗ ಮಡಿಗೆ ಬೆರೆಸಿ, ಮಣ್ಣು ಒಣಗೋಕೆ ಬಿಡಬೇಡಿ. ಕಾರ್ಬೆಂಡೆಜಿಮ್ ಅಥವಾ ತಾಮ್ರದ ಔಷಧಿ ಜೊತೆ ಮಾತ್ರ ಸೇರಿಸಬೇಡಿ, ಅವು ಟ್ರೈಕೋಡರ್ಮಾವನ್ನೂ ಕೊಲ್ಲುತ್ತವೆ.

ಕೊಳ್ಳುವಾಗ ಬೆಲೆಗಿಂತ ಮೊದಲು ತಯಾರಾದ ತಾರೀಖು ನೋಡಿ. ಬಿಸಿಲು ಬೀಳೋ ಕಪಾಟಿನಲ್ಲಿ ಇಟ್ಟಿದ್ದರೆ ತಾರೀಖು ಹೊಸದಾದರೂ ಬೇಡ. ಕೃಷಿ ವಿಶ್ವವಿದ್ಯಾಲಯಗಳಲ್ಲೂ ಜೈವಿಕ ಗೊಬ್ಬರ ಸಿಗುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ'ನಲ್ಲಿ ಹಲವು ಜೀವಾಣುಗಳು ಒಂದೇ ಪುಡಿಯಲ್ಲಿವೆ. ಮೊದಲ ಸಲ ಎರಡೇ ಮಡಿಗೆ ಹಾಕಿ, ಪಕ್ಕದ ಎರಡು ಮಡಿ ಹಾಗೇ ಬಿಡಿ. ಕಿತ್ತಾಗ ಕಟ್ಟು ಎಣಿಸಿ ನನಗೂ ಕಳಿಸಿ.