ದೋಣಿಯೇ ಮನೆಯಾದಾಗ

ಮನೆಯೆಂದ ಕೂಡಲೆ ನಮ್ಮ ಮನಸ್ಸಿಗೆ ಹೊಳೆಯುವುದು ತಳಹದಿ, ಗೋಡೆ, ಹೊಸಿಲು. ಮನೆ ನಿಂತಲ್ಲಿ ನಿಲ್ಲುವುದು. ಹೋಗಿ ಬರುವವನು ಮನುಷ್ಯ. ಈ ಕ್ರಮವನ್ನು ತಲೆಕೆಳಗು ಮಾಡಿ, ಮನೆಯನ್ನೇ ನಡೆಸಿಕೊಂಡು ಬಾಳುವ ಜನರು ಇಂಗ್ಲೆಂಡಿನಲ್ಲಿ ಸಾವಿರಾರು ಮಂದಿ ಉಂಟು. ಅವರ ಮನೆ ಒಂದು ದೋಣಿ. ಅವರ ಬೀದಿ ಒಂದು ನಾಲೆ. ಆ ದೋಣಿಯ ಅಗಲ ೬ ಅಡಿ ೧೦ ಅಂಗುಲ. ಉದ್ದವು ಮಾತ್ರ ೫೦, ೬೦, ಕೆಲವು ವೇಳೆ ೭೦ ಅಡಿ. ಇಂಗ್ಲಿಷಿನಲ್ಲಿ ಇದಕ್ಕೆ ನ್ಯಾರೋಬೋಟ್, ಅಂದರೆ ಇಕ್ಕಟ್ಟಾದ ದೋಣಿ, ಎಂದು ಹೆಸರು. ಈ ವಿಚಿತ್ರವಾದ ಅಳತೆ ಎಲ್ಲಿಂದ ಬಂತು, ಸರಕು ಹೊರುವ ದೋಣಿಯಲ್ಲಿ ಸಂಸಾರ ಹೇಗೆ ನೆಲೆಸಿತು, ಇಂದು ಅಲ್ಲಿ ವಾಸಿಸುವವರ ಸುಖದುಃಖಗಳೇನು ಎಂಬುದನ್ನು ವಿಚಾರಿಸೋಣ.

ನಮ್ಮ ಸೀಮೆಯಲ್ಲಿ ನಾಲೆಯೆಂದರೆ ಗದ್ದೆಗೆ ನೀರು. ವಿಶ್ವೇಶ್ವರಯ್ಯ ನಾಲೆ ಕಾವೇರಿಯನ್ನು ಮಂಡ್ಯದ ಕಬ್ಬಿಗೂ ಬತ್ತಕ್ಕೂ ಕೊಂಡೊಯ್ಯುತ್ತದೆ. ಇಂಗ್ಲೆಂಡಿನಲ್ಲಾದರೋ ಮಳೆಗೆ ಕೊರತೆಯಿಲ್ಲ. ಅಲ್ಲಿ ಬೇಕಾಗಿದ್ದುದು ದಾರಿ. ಹದಿನೆಂಟನೆಯ ಶತಮಾನದ ರಸ್ತೆಗಳು ಮಳೆಗಾಲದಲ್ಲಿ ಕೆಸರಿನ ಹೊಂಡಗಳಾಗುತ್ತಿದ್ದುವು. ರಸ್ತೆಯ ಮೇಲೆ ಗಾಡಿಯಲ್ಲಿ ಒಂದೆರಡು ಟನ್ನು ಎಳೆಯಲು ತಿಣುಕುವ ಕುದುರೆ, ನಾಲೆಯ ದಡದಲ್ಲಿ ಹಗ್ಗ ಕಟ್ಟಿಕೊಂಡು ನಡೆದರೆ ೨೫-೩೦ ಟನ್ನು ಹೊತ್ತ ದೋಣಿಯನ್ನು ಸಲೀಸಾಗಿ ಎಳೆಯುತ್ತದೆ. ಬ್ರಿಡ್ಜ್‌ವಾಟರಿನ ಡ್ಯೂಕನು ವರ್ಸ್ಲಿಯಲ್ಲಿದ್ದ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ತೋಡಿಸಿದ ನಾಲೆ ೧೭೬೧ರಲ್ಲಿ ತೆರೆಯಿತು. ಅದರಿಂದ ಆ ಊರಿನಲ್ಲಿ ಇದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತೆಂದು ಹೇಳುತ್ತಾರೆ. ಆ ನಾಲೆಯ ಕೆಲಸದಲ್ಲಿ ಹೆಸರು ಪಡೆದವನು ಜೇಮ್ಸ್ ಬ್ರಿಂಡ್ಲಿ. ಓದುಬರಹ ಅಷ್ಟಾಗಿ ಬಾರದ, ಆದರೆ ನೀರಿನ ನಡೆಯನ್ನು ಚೆನ್ನಾಗಿ ಬಲ್ಲ ಯಂತ್ರಶಿಲ್ಪಿ.

ದೋಣಿಯ ಅಗಲವನ್ನು ಗೊತ್ತುಮಾಡಿದವನೂ ಇವನೇ ಎನ್ನಬಹುದು. ನೀರು ದಿಣ್ಣೆಯನ್ನು ಏರಲಾರದಷ್ಟೆ. ನೆಲ ಏರುವ ಕಡೆ ಕಲ್ಲಿನ ಒಂದು ತೊಟ್ಟಿಯನ್ನು ಕಟ್ಟಿ, ಅದರ ಎರಡು ತುದಿಗೂ ಬಾಗಿಲುಗಳನ್ನಿಡುತ್ತಾರೆ. ಇದಕ್ಕೆ ಲಾಕ್ ಎಂದು ಹೆಸರು. ಕೆಳಗಣ ಬಾಗಿಲಿನಿಂದ ದೋಣಿ ಒಳಹೊಕ್ಕ ಮೇಲೆ ಅದನ್ನು ಮುಚ್ಚಿ, ಮೇಲಣ ತೂಬನ್ನು ಎತ್ತಿದರೆ ತೊಟ್ಟಿ ತುಂಬುತ್ತದೆ; ನೀರಿನೊಡನೆ ದೋಣಿಯೂ ಏರುತ್ತದೆ. ನೀರು ಸಮನಾದಾಗ ಮೇಲಣ ಬಾಗಿಲನ್ನು ತೆರೆದು ದೋಣಿ ಮುಂದುವರಿಯುತ್ತದೆ. ಆದರೆ ಹೀಗೆ ತುಂಬಿ ಬರಿದಾದಾಗಲೆಲ್ಲ ಒಂದು ತೊಟ್ಟಿ ನೀರು ಮೇಲಿನಿಂದ ಕೆಳಕ್ಕೆ ಹೋಗಿಬಿಡುತ್ತದೆ. ತೊಟ್ಟಿ ದೊಡ್ಡದಾದಷ್ಟೂ ನೀರೂ ಹಣವೂ ಹೆಚ್ಚು ಖರ್ಚು. ಆದಕಾರಣ ೧೭೬೬ರಲ್ಲಿ ಆರಂಭವಾದ ಟ್ರೆಂಟ್-ಮರ್ಸಿ ನಾಲೆಯ ಲಾಕುಗಳನ್ನು ಬ್ರಿಂಡ್ಲಿ ಸುಮಾರು ೭ ಅಡಿ ಅಗಲ, ೭೨ ಅಡಿ ಉದ್ದಕ್ಕೆ ಮಿತಗೊಳಿಸಿದನು. ೧೭೭೭ರಲ್ಲಿ ಅದು ಮುಗಿಯುವುದರೊಳಗೆ ಅವನು ತೀರಿಕೊಂಡಿದ್ದನು. ಆದರೆ ಅವನ ಅಳತೆ ಉಳಿಯಿತು. ನಡುನಾಡಿನ ಬಹುಮಟ್ಟಿನ ನಾಲೆಗಳು ಅದನ್ನೇ ಅನುಸರಿಸಿದುವು. ಇಂದು ದೋಣಿಯಲ್ಲಿ ಮಂಚ ಹಾಕಿಕೊಳ್ಳುವವನು, ಅಗಲ ಸಾಲದೆಂದು ಗೊಣಗಿದರೆ, ೧೭೬೬ರ ಲೆಕ್ಕಾಚಾರದೊಡನೆ ಜಗಳವಾಡಿದಂತೆಯೇ ಸರಿ.

ಮೊದಮೊದಲು ದೋಣಿಗಾರರಿಗೆ ನೆಲದ ಮೇಲೆಯೇ ಮನೆಗಳಿದ್ದುವು. ೧೮೩೦ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಓಡಿದ ಮೇಲೆ ಕಾಲ ತಿರುಗಿತು. ರೈಲಿನೊಡನೆ ಪೈಪೋಟಿಯಿಂದ ಬಾಡಿಗೆಯ ದರಗಳು ಇಳಿದುವು. ಕೂಲಿಯಾಳನ್ನು ಇಡಲು ಶಕ್ತಿಯಿಲ್ಲದ ದೋಣಿಗಾರನು ಮನೆಯನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ದೋಣಿಗೆ ಹತ್ತಿಸಿಕೊಂಡನು. ಮನೆ ಬಾಡಿಗೆ ಉಳಿಯಿತು. ಸಂಬಳವಿಲ್ಲದ ಆಳುಗಳೂ ಸಿಕ್ಕಿದರು. ಹೆಂಡತಿ ಚುಕ್ಕಾಣಿ ಹಿಡಿದಳು, ಮಗ ಕುದುರೆ ನಡೆಸಿದನು. ಎಪ್ಪತ್ತು ಅಡಿಯ ದೋಣಿಯಲ್ಲಿ ಸರಕಿಗೆ ಬಿಟ್ಟು ಅವರ ಪಾಲಿಗೆ ಉಳಿದದ್ದು ಹಿಂಬದಿಯ ಸುಮಾರು ಹತ್ತಡಿಯ ಕೋಣೆಯೊಂದೇ. ಒಂದು ಒಲೆ, ಮಡಿಸಿದರೆ ಬೀರುವಾಗುವ ಮಂಚ, ಇಳಿಸಿದರೆ ಮೇಜಾಗುವ ಬೀರುವಿನ ಬಾಗಿಲು. ಅಷ್ಟರಲ್ಲಿ ಅಡಿಗೆ, ಊಟ, ಬಾಣಂತನ ಎಲ್ಲವೂ ನಡೆಯಬೇಕು. ಆ ಇಕ್ಕಟ್ಟಿನಲ್ಲಿಯೂ ಅವರು ಬಾಗಿಲುಗಳ ಮೇಲೆ ಗುಲಾಬಿಯನ್ನೂ ಕೋಟೆಗಳನ್ನೂ ಚಿತ್ರಿಸಿ, ಹಿತ್ತಾಳೆಯ ಗುಬಟುಗಳನ್ನು ಬೆಳಗಿ, ಕಸೂತಿಯಂಚಿನ ತಟ್ಟೆಗಳನ್ನು ಗೋಡೆಗೆ ತೂಗುಹಾಕುತ್ತಿದ್ದರು. ಬಡವನಿಗೂ ಮನೆ ಚೆಲುವಾಗಿರಬೇಕೆಂಬ ಆಸೆ ಸಹಜವಲ್ಲವೆ?

ಹೊರಗಿನವರ ಕಣ್ಣಿಗೆ ಇದರ ಕತ್ತಲೆಯ ಮುಖವನ್ನು ತೋರಿಸಿದವನು ಜಾರ್ಜ್ ಸ್ಮಿತ್. ಬಾಲ್ಯದಲ್ಲಿ ತಾನೇ ಇಟ್ಟಿಗೆ ಗೂಡಿನಲ್ಲಿ ದುಡಿದಿದ್ದ ಈತನು, ಮೊದಲು ಅಲ್ಲಿಯ ಮಕ್ಕಳಿಗಾಗಿಯೂ ಬಳಿಕ ನಾಲೆಯ ಮಕ್ಕಳಿಗಾಗಿಯೂ ಹೋರಾಡಿದನು. ಅದರ ಫಲವಾಗಿ ೧೮೭೭ರಲ್ಲಿಯೂ ೧೮೮೪ರಲ್ಲಿಯೂ ನಾಲೆಯ ದೋಣಿಗಳ ಕಾಯಿದೆಗಳು ಬಂದುವು. ದೋಣಿಯನ್ನು ವಾಸಸ್ಥಳವೆಂದು ದಾಖಲೆ ಮಾಡಿಸಬೇಕು. ಕೋಣೆಯ ಅಳತೆಗೆ ಮೀರಿ ಜನರಿರಕೂಡದು. ಮಕ್ಕಳು ಶಾಲೆಗೆ ಹೋಗಬೇಕು. ಹೀಗೆ ದೋಣಿಯೂ ಒಂದು ಮನೆಯೆಂಬುದನ್ನು ಕಾನೂನು ಒಪ್ಪಿಕೊಂಡಿತು. ಆದರೆ ಇಂದು ಈ ಊರಿನ ಶಾಲೆಯಲ್ಲಿ ಕುಳಿತ ಹುಡುಗ ನಾಳೆ ಇಪ್ಪತ್ತು ಮೈಲಿ ಆಚೆ ಇರುವವನು. ಹೆಸರನ್ನೂ ಬರೆಯಲಾರದ ದೋಣಿಗಾರರು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಮಂದಿ ಉಳಿದರು.

ಎರಡನೆಯ ಬದಲಾವಣೆಗೆ ಕಾರಣ ಒಬ್ಬ ಯಂತ್ರಶಿಲ್ಪಿ. ಎಲ್. ಟಿ. ಸಿ. ರೋಲ್ಟ್ ಎಂಬಾತನು ೧೯೩೯ರಲ್ಲಿ ತನ್ನ ಪತ್ನಿಯೊಡನೆ ಬ್ಯಾನ್‌ಬರಿಯಿಂದ ‘ಕ್ರೆಸಿ’ ಎಂಬ ದೋಣಿಯಲ್ಲಿ ಹೊರಟು, ಅದನ್ನೇ ಮನೆ ಮಾಡಿಕೊಂಡನು. ಆ ಸಂಚಾರದ ವೃತ್ತಾಂತವು ೧೯೪೪ರಲ್ಲಿ ಗ್ರಂಥವಾಗಿ ಬಂದು ಅನೇಕರ ಕಣ್ಣು ತೆರೆಸಿತು. ೧೯೪೬ರಲ್ಲಿ ರೋಲ್ಟನೂ ರಾಬರ್ಟ್ ಐಕ್‌ಮನ್ನನೂ ಮೊದಲಾದವರು ನಾಲೆಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ೧೯೪೮ರಲ್ಲಿ ಬಹುಪಾಲು ನಾಲೆಗಳು ಸರ್ಕಾರದ ಸ್ವತ್ತಾದುವು. ೧೯೬೨-೬೩ರ ಭೀಕರವಾದ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ, ಮೊದಲೇ ಕುಂದಿದ್ದ ಸರಕಿನ ವ್ಯಾಪಾರಕ್ಕೆ ಬಹುಮಟ್ಟಿಗೆ ಮಂಗಳ ಹಾಡಿತು. ಸರಕು ಹೋದ ಮೇಲೆ ವಿಹಾರಕ್ಕೆ ಬರುವವರೂ ವಾಸಕ್ಕೆ ಬರುವವರೂ ನಾಲೆಗಳನ್ನು ಉಳಿಸಿದರು.

ಇಂದಿನ ದೋಣಿ ಉಕ್ಕಿನದು. ಕುದುರೆಯ ಬದಲು ಡೀಸೆಲ್ ಯಂತ್ರ. ಸರಕಿದ್ದ ಜಾಗವೆಲ್ಲ ಕೋಣೆಗಳಾಗಿ, ಅಡಿಗೆಮನೆ, ಸ್ನಾನದ ಮನೆ, ಮಲಗುವ ಮನೆ ರೈಲಿನ ಡಬ್ಬಿಯಂತೆ ಒಂದರ ಹಿಂದೊಂದು ನಿಲ್ಲುತ್ತವೆ. ವೇಗವು ಗಂಟೆಗೆ ನಾಲ್ಕು ಮೈಲಿಗೆ ಮೀರಕೂಡದು. ದಡದ ಮೇಲೆ ಬಿರುಸಾಗಿ ನಡೆಯುವವನು ಜೊತೆಗೇ ಬಂದಾನು. ನೆಲದ ಮನೆಯಲ್ಲಿ ತಾನಾಗಿ ಬಂದು ತಾನಾಗಿ ಹೋಗುವುದನ್ನೆಲ್ಲ ಇಲ್ಲಿ ಕೈಯಿಂದಲೇ ನಿರ್ವಹಿಸಬೇಕು. ಕುಡಿಯುವ ನೀರನ್ನು ದಡದ ನಲ್ಲಿಯಿಂದ ತೊಟ್ಟಿಗೆ ತುಂಬಿಸಿಕೊಳ್ಳಬೇಕು. ಮಲವನ್ನು ಗೊತ್ತಾದ ಸ್ಥಳಕ್ಕೆ ಒಯ್ದು ಬರಿದು ಮಾಡಬೇಕು. ಛಾವಣಿಯ ಮೇಲಿನ ಸೌರಫಲಕಗಳಿಂದಲೋ ಯಂತ್ರದಿಂದಲೋ ಬಂದ ವಿದ್ಯುತ್ತನ್ನು ಬ್ಯಾಟರಿಗಳಲ್ಲಿ ಕೂಡಿಡಬೇಕು. ಚಳಿಗಾಲದಲ್ಲಿ ಒಲೆ ಆರಿದರೆ ಮನೆ ಮಂಜು. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದೆತ್ತಿ ತಳಕ್ಕೆ ಕಪ್ಪು ಬಳಿಯದಿದ್ದರೆ ಉಕ್ಕು ತುಕ್ಕು ಹಿಡಿಯುತ್ತದೆ. ಎಷ್ಟು ನೀರು ಖರ್ಚಾಯಿತು, ಎಷ್ಟು ದೀಪ ಉರಿಯಿತು ಎಂಬ ಅರಿವು ದೋಣಿಯವನಿಗಿರುವಂತೆ ನಮಗೆ ಯಾರಿಗೂ ಇಲ್ಲ.

ಹಾಗಿದ್ದರೂ ಜನರು ಏಕೆ ಹೋಗುತ್ತಾರೆ? ಬೆಳಗಾಗ ಕಿಟಕಿಯ ಬಳಿ ಹಂಸ ಬರುವುದೆಂದು ಕೆಲವರು. ಲಂಡನ್ನಿನ ಬಾಡಿಗೆಯನ್ನು ತೆರಲಾರದೆ ಕೆಲವರು. ಹೀಗೆ ಬಡತನದಿಂದ ಹತ್ತಿದವನೂ ಇಷ್ಟದಿಂದ ಹತ್ತಿದವನೂ ಇಂದು ಒಂದೇ ದಡದಲ್ಲಿ ಹಗ್ಗ ಕಟ್ಟುತ್ತಾರೆ.

ಹಗ್ಗ ಕಟ್ಟುವ ವಿಷಯದಲ್ಲಿಯೇ ತೊಡಕಿರುವುದು. ೧೯೯೫ರ ಕಾಯಿದೆಯ ಪ್ರಕಾರ, ಕಾಯಂ ತಂಗುದಾಣವಿಲ್ಲದ ದೋಣಿಯು ನಿಜವಾಗಿ ಸಂಚಾರದಲ್ಲಿರಬೇಕು; ಸಕಾರಣವಿಲ್ಲದೆ ಒಂದೆಡೆಯಲ್ಲಿ ೧೪ ದಿನಕ್ಕಿಂತ ಹೆಚ್ಚು ನಿಲ್ಲಕೂಡದು. ೨೦೧೨ರಿಂದ ಇಂಗ್ಲೆಂಡು ಮತ್ತು ವೇಲ್ಸಿನ ಸುಮಾರು ೨,೦೦೦ ಮೈಲಿಗಳ ಜಲಮಾರ್ಗವನ್ನು ನೋಡಿಕೊಳ್ಳುತ್ತಿರುವ ಧರ್ಮಸಂಸ್ಥೆಯೊಂದು ಈ ನಿಯಮವನ್ನು ನಡೆಸುತ್ತದೆ. ನಿಯಮ ನಿಷ್ಕಾರಣವಲ್ಲ: ಎಲ್ಲರೂ ನಿಂತಲ್ಲೇ ನಿಂತರೆ ದಾರಿಹೋಕನ ದೋಣಿಗೆ ತಂಗಲು ಜಾಗವೆಲ್ಲಿ? ಆದರೆ ದೋಣಿಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ, ಹದಿನೈದನೆಯ ದಿನ ತಂದೆತಾಯಿಗಳು ಕಾನೂನನ್ನು ನೋಡಬೇಕೋ ಶಾಲೆಯನ್ನು ನೋಡಬೇಕೋ? ಜಾರ್ಜ್ ಸ್ಮಿತ್ತನ ಕಾಲದ ಪ್ರಶ್ನೆ ಪೂರ್ತಿ ತೀರಲಿಲ್ಲ. ಅಂದು ಮಗುವನ್ನು ಶಾಲೆಯಿಂದ ದೂರ ಒಯ್ದದ್ದು ಸರಕು. ಇಂದು ಒಯ್ಯುವುದು ನಿಯಮ.

ದೋಣಿಯು ವಾಹನವೆಂದು ಬಗೆದರೆ ಅದು ಚಲಿಸಬೇಕು. ಮನೆಯೆಂದು ಬಗೆದರೆ ಅದಕ್ಕೆ ನಿಲ್ಲುವ ಹಕ್ಕು ಬೇಕು. ಎರಡೂ ಆಗಿರುವ ವಸ್ತುವಿಗೆ ಒಂದೇ ಅಳತೆಗೋಲು ಸಾಲದು. ಮನೆಯನ್ನು ಮನೆಯಾಗಿಸುವುದು ತಳಹದಿಯಲ್ಲ, ಅದರಲ್ಲಿ ಬೆಳೆಯುವ ಮಕ್ಕಳು ಎಂದು ನಾವು ತಿಳಿದಿದ್ದೇವೆ. ಆ ದೃಷ್ಟಿಯಿಂದ ನೋಡುವ ಕಾನೂನು, ದಾರಿಹೋಕನಿಗೆ ದಾರಿಯನ್ನೂ ಮಗುವಿಗೆ ಶಾಲೆಯನ್ನೂ ಕೂಡಿಯೇ ಉಳಿಸಿಕೊಡಬಲ್ಲದೆಂಬುದು ನಮ್ಮ ನಂಬಿಕೆ.